ತಂತಿಯಿಲ್ಲದ ಗಿಟಾರಿನ ದನಿ

ಮಂಗಳವಾರ, ಬೆಳಿಗ್ಗೆ

ಚಿರಂಜೀವಿ ಪುಟ್ಟಿಗೆ ಅಮ್ಮನ ಆಶೀರ್ವಾದ. ಇದು ಅಭ್ಯಾಸಬಲದಿಂದ ಬರೆದದ್ದು; ಮನಸ್ಸು ಇನ್ನೂ ಅಲ್ಲಿಗೆ ಬಂದಿಲ್ಲ.

ಅಣ್ಣ ಮಾಡಿದ ಹೊಸ ಗಿಟಾರನ್ನು ನುಡಿಸಿ ನೀನು ಕಳಿಸಿದ ರೆಕಾರ್ಡಿಂಗ್ ಶುಕ್ರವಾರವೇ ಬಂತು. ‘ಅಮ್ಮಾ, ಅಣ್ಣನ ಕೈ ಈ ಸಲ ತುಂಬಾ ಪಳಗಿದೆ, ಮಂದ್ರದ ತಂತಿ ಕೇಳು’ ಎಂದು ಜೊತೆಗೆ ನೀನು ಬರೆದಿದ್ದೆ. ನಿನ್ನ ಅಣ್ಣ ಅದನ್ನು ಎರಡು ಸಲ ಓದಿ, ಮುಖ ಆ ಕಡೆ ತಿರುಗಿಸಿಕೊಂಡು ಮೂಗೊರೆಸಿಕೊಂಡ. ಎಂಟು ತಿಂಗಳು ಆ ಮರ ಉಜ್ಜಿದವನು ಅವನು.

ಪುಟ್ಟಿ, ಆ ಗಿಟಾರಿಗೆ ತಂತಿಯೇ ಇರಲಿಲ್ಲ. ನಿನಗೆ ಕಳಿಸುವ ಗಡಿಬಿಡಿಯಲ್ಲಿ ಹಾಕಲು ಮರೆತಿದ್ದೆ. ಆರೂ ಸುರುಳಿ ನನ್ನ ಮೇಜಿನ ಖಾನೆಯಲ್ಲೇ ಇದ್ದವು.

ಅಲ್ಲೇ ಕೊಂಡು ಹಾಕಿಕೊಂಡಿರುತ್ತೀಯ ಎಂದು ಸಮಾಧಾನ ಮಾಡಿಕೊಂಡು ಫೋನ್ ಮಾಡಿದೆ. ಅಳಿಯಂದಿರು ಎತ್ತಿದರು. ಪೆಟ್ಟಿಗೆಯ ಹಗ್ಗವನ್ನೇ ಬಿಚ್ಚಿಲ್ಲ ಅತ್ತೆ ಎಂದರು. ಆಮೇಲೆ, ಪಾಪ, ಒಂದೊಂದಾಗಿ ಎಲ್ಲ ಹೇಳಿದರು. ಯಾರೋ ನುಡಿಸಿದ ಗಿಟಾರಿನ ಸ್ವರಗಳನ್ನು ಕಂಪ್ಯೂಟರಿನಲ್ಲಿ ತುಂಬಿರುತ್ತಾರಂತೆ. ನೀನು ಕೀಬೋರ್ಡ್ ಒತ್ತಿದರೆ ಅವು ಹೊರಗೆ ಬರುತ್ತವಂತೆ. ಆರು ತಂತಿಯನ್ನು ಕೈ ಸವರಿದ ಹಾಗೆ ಕೇಳಬೇಕೆಂದು ಆರು ಸ್ವರಗಳನ್ನು ಕೂದಲೆಳೆಯಷ್ಟು ಹಿಂದೆಮುಂದೆ ಮಾಡುತ್ತೀಯಂತೆ. ತಂತಿ ಎಳೆದ ಹಾಗೆ ಸ್ವರ ಜಗ್ಗುವುದಕ್ಕೆ ಕೀಬೋರ್ಡಿನಲ್ಲೇ ಒಂದು ಚಕ್ರ. ಬೆರಳು ಜಾರಿ ಕಿರ್ರೆನ್ನುವುದಕ್ಕೂ ಬೇರೆ ಗುಂಡಿ. ಸುಳ್ಳನ್ನು ಇಷ್ಟು ಶ್ರದ್ಧೆಯಿಂದ ನೇಯ್ದವಳಿಗೆ ಅಮ್ಮನಿಗೆ ನಿಜ ತಿಳಿಸಿ ನಾಲ್ಕು ಸಾಲು ಬರೆಯಲು ಪುರುಸೊತ್ತಾಗಲಿಲ್ಲ.

ಎರಡು ವರ್ಷದಿಂದ ಹೀಗೆಯೇ ಅಂತೆ. ಮೂರು ಗಿಟಾರುಗಳನ್ನು ಮುಟ್ಟದೆಯೇ ವಾಪಸು ಕಳಿಸಿದ್ದೀಯ. ನಾನೋ, ನಿನ್ನ ರೆಕಾರ್ಡಿಂಗ್ ಕೇಳಿಸಿ, ನೀವು ಕೇಳುತ್ತಿರುವುದು ಇದೇ ಮರದ ದನಿ ಎಂದು ಎದೆಯುಬ್ಬಿಸಿ ಮಾರಿದ್ದೇನೆ. ನಿನ್ನೆ ಅವನ್ನು ಕೊಂಡ ಮೂವರ ಮನೆಗೂ ಹೋಗಿ, ನಿಂತುಕೊಂಡೇ ನಿಜ ಹೇಳಿ, ಬೇಡವಾದರೆ ವಾಪಸು ಕೊಡಿ ಎಂದು ಬಂದೆ. ಅವರಲ್ಲೊಬ್ಬರು, ಸಂಗೀತದ ಮೇಷ್ಟ್ರು, ನಕ್ಕುಬಿಟ್ಟರು. ‘ಬಿಡೀಮ್ಮ, ನಮಗೇ ಗೊತ್ತಾಗ್ಲಿಲ್ಲ, ನಿಮಗೆ ಹೇಗೆ ಗೊತ್ತಾಗ್ಬೇಕು?’ ಎಂದರು. ಸಮಾಧಾನಕ್ಕೆಂದು ಹೇಳಿದ ಮಾತು, ನೆತ್ತಿಗೆ ಹೊಡೆದ ಹಾಗಾಯಿತು. ಮಗಳ ಬೆರಳು ಎಂದು ಬೀದಿಯವರನ್ನೆಲ್ಲ ಕೂರಿಸಿ ಕೇಳಿಸಿದವಳು ನಾನು.

ನಿನ್ನ ಅಣ್ಣನಿಗೆ ಇನ್ನೂ ಹೇಳಿಲ್ಲ. ಅದನ್ನು ನೀನೇ ಬಂದು, ಅವನ ಎದುರು ಕೂತು ಹೇಳಬೇಕು. ಫೋನಿನಲ್ಲಿ ಬೇಡ. ಅಲ್ಲಿಯವರೆಗೆ ಈ ಮನೆಯ ಗಿಟಾರ್ ಒಂದೂ ನಿನ್ನ ಹತ್ತಿರ ಬರುವುದಿಲ್ಲ.

ಇಂತಿ,
ನಿನ್ನ ತಾಯಿ

ಮರೆತ ಮಾತು: ತಂತಿ ಹಾಕಲು ಮರೆತೆ ಎಂದದ್ದು ಸುಳ್ಳು. ಹಾಕಿದ್ದ ತಂತಿಯನ್ನು ನಾನೇ ಬಿಚ್ಚಿದೆ. ಹೋದ ಸಲ ಬಂದಾಗ ನನ್ನ ಕಣ್ಣಿಗೆ ಔಷಧಿ ಬಿಟ್ಟೆಯಲ್ಲ, ರೆಪ್ಪೆ ಹಿಡಿದಿದ್ದ ನಿನ್ನ ಎಡಗೈ ಬೆರಳಿನ ತುದಿಗಳು ಮಗುವಿನದರಂತೆ ಮೆತ್ತಗಿದ್ದವು. ತಂತಿ ಒತ್ತುವವರ ಬೆರಳು ಹಾಗಿರುವುದಿಲ್ಲ, ಗಟ್ಟಿಯಾಗಿರುತ್ತದೆ. ಕೈಗೆ ಏನಾಯಿತೆಂದು ಅಲ್ಲೇ ಕೇಳಬಹುದಿತ್ತು. ಕೇಳಲು ಧೈರ್ಯ ಬರದೆ ತಂತಿ ಬಿಚ್ಚಿ ಕಳಿಸಿದೆ.