ಹೆಸರಿಡಬಾರದ ಇಲಿ

ಅಕ್ಕಾ,

ಇಲ್ಲಿ ದೇಜಾನ್ ಊರಿನ ನಮ್ಮ ಪ್ರಯೋಗಾಲಯದಲ್ಲಿ ಇವತ್ತು, ಪ್ರಯೋಗದಲ್ಲಿ ಸತ್ತ ಇಲಿಗಳಿಗೆ ವರ್ಷದ ಪೂಜೆ. ಅವುಗಳ ನೆನಪಿಗೆ ನಿಲ್ಲಿಸಿದ ಕಲ್ಲಿನ ಮುಂದೆ ಸೇವಂತಿಗೆ, ಅಕ್ಕಿ ಕಡುಬು ಇಟ್ಟು ಪ್ರೊಫೆಸರರೂ ಬಾಗಿದರು. ಬೋನು ತೊಳೆಯುವ ನಾನು ಸೂರ್ಯಕಾಂತಿ ಬೀಜ ಇಟ್ಟೆ.

ಧೂಳಿಗಿಂತ ಸಣ್ಣ ಕಣಗಳು ಕಾಲು ಸರಿಪಡಿಸುವ ವಂಶವಾಹಿ ಹೊತ್ತು ಇಲಿಯ ಕಾಲು ಸೇರಿದ್ದು ಸ್ಕ್ಯಾನಿನಲ್ಲಿ ಮಿನುಗಿತು, ಕುಂಟುತ್ತಿದ್ದದ್ದು ಓಡಿತು, ನಿನ್ನ ಮಗಳು ಬೊಮಿಯೂ ಓಡುತ್ತಾಳೆ ಎಂದು ಕುಣಿದಾಡಿ ಫೋನ್ ಮಾಡಿದ್ದೆನಲ್ಲ? ಆ ಇಲಿ ಸತ್ತಿತು. ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ.

"ಇಲಿಗೆ ನಂಬರ್ ಸಾಕು, ಹೆಸರಿಡ್ಬೇಡ ಅಂದಿರ್ಲಿಲ್ವೇನಯ್ಯಾ, ಬಾಯಿಬಡುಕಾ?" ಎಂದು ಮೇಲ್ವಿಚಾರಕಿ ಮ್ಯೋಂಗ್ ಬೈದರು.

ಬೊಮಿಯ ಕಾಲಿನ ವ್ಯಾಯಾಮ ನಿಲ್ಲಿಸಬೇಡ. ಇಲಿ ಸತ್ತದ್ದನ್ನು ಅವಳಿಗೆ ನಾನೇ ಬಂದು ಹೇಳುತ್ತೇನೆ. ಆ ಇಲಿಗೆ ಅವಳ ಹೆಸರನ್ನೇ ಇಟ್ಟಿದ್ದೆ. ಈ ಕಾರ್ಡು ಅವಳ ಕೈಗೆ ಸಿಗುವ ಮೊದಲು ಹರಿದುಬಿಡು.

ನಿನ್ನ ತಮ್ಮ,
ಗ್ಯುಸೊಕ್