ಜ್ಯೋತಿಲಕ್ಷ್ಮಿ ಶಾಲೆ ಬಿಟ್ಟಿರಲಿಲ್ಲ

ಸಂಶೋಧನಾ ವಿಭಾಗದ ಮಾನ್ಯ ಮುಖ್ಯಸ್ಥರೇ,

ನೀವು ಅಂಗೀಕರಿಸಿದ ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಒಂದು ಸುಳ್ಳಿದೆ. ಲೊಕ್ಕನಹಳ್ಳಿ ಕಡೆಯ ಕಾಡಂಚಿನ ಊರುಗಳಲ್ಲಿ ಶಾಲೆ ಬಿಟ್ಟ ಹೆಣ್ಣುಮಕ್ಕಳು ಮೂವತ್ತೊಂದು ಎಂದು ನಾಲ್ಕನೇ ಅಧ್ಯಾಯದ ಕೋಷ್ಟಕ ಹೇಳುತ್ತದೆ. ನಿಜವಾದ ಸಂಖ್ಯೆ ಮೂವತ್ತು. ಬರೆದವಳು ನಾನು, ಬರೆಸಿದವರು ನೀವು. ಪರೀಕ್ಷಕರು ನನ್ನ ಅಲ್ಪವಿರಾಮಗಳನ್ನೂ ಬಿಡದೆ ತಿದ್ದಿಸಿದರು. ಇದು ಮಾತ್ರ ಯಾರ ಕಣ್ಣಿಗೂ ಬೀಳಲಿಲ್ಲ.

ಆ ಮೂವತ್ತೊಂದನೆಯವಳ ಹೆಸರು ಜ್ಯೋತಿಲಕ್ಷ್ಮಿ. ಹೆಸರು ಬರೆಯಲು ಅವಳ ತಾಯಿ ಕೆಂಪಾಜಮ್ಮನ ಒಪ್ಪಿಗೆ ಇದೆ. ಪ್ರಶ್ನಾವಳಿ ಹಿಡಿದು ನಾನು ಮೊದಲ ಸಲ ಆ ಊರಿಗೆ ಹೋದಾಗ ಅವಳು ಒಂಬತ್ತನೇ ತರಗತಿ. ನನ್ನನ್ನು ಮನೆ ಮನೆಗೂ ಕರೆದುಕೊಂಡು ಹೋದವಳು ಅವಳೇ. "ಈ ಅಕ್ಕ ಗೌರ್ಮೆಂಟೋರಲ್ಲ, ಓದೋರು ಕಣ್ರವ್ವ, ಎದುರ್ಕಬ್ಯಾಡಿ" ಎಂದು ಹೆಂಗಸರಿಗೆ ಧೈರ್ಯ ಹೇಳುತ್ತಿದ್ದಳು. ಸಂಜೆ ನನ್ನನ್ನೇ ಕಾಡಿಸಿದಳು: "ಇಷ್ಟ್ ದೊಡ್ಡೋರಾದ್ರೂವ ನಿಮ್ಗಿನ್ನೂ ಪರೀಕ್ಸೆ ಮುಗಿದಿಲ್ವಾ, ಅಕ್ಕಾ?"

ಒಂದು ವರ್ಷ ಬಿಟ್ಟು, ಅದೇ ಮಕ್ಕಳು ಏನಾದರು ಎಂದು ನೋಡಲು ಮತ್ತೆ ಹೋದೆ. ಜ್ಯೋತಿಲಕ್ಷ್ಮಿ ಇರಲಿಲ್ಲ. ಕಿರುಪರೀಕ್ಷೆ ಇದೆ ಎಂದು ಜ್ವರದಲ್ಲೇ ಶಾಲೆಗೆ ಹೋಗಿ ಬರೆದು ಬಂದಿದ್ದಳಂತೆ. ಮೂರನೇ ದಿನ ತೀರಿಕೊಂಡಳು.

ನನ್ನ ನಮೂನೆಯಲ್ಲಿ ಇದ್ದದ್ದು ಎರಡೇ ಕಾಲಂ: ಓದುತ್ತಿದ್ದಾರೆ, ಶಾಲೆ ಬಿಟ್ಟಿದ್ದಾರೆ. ಇನ್ನೊಂದು ಬೇಕೆಂದು ನಿಮ್ಮ ಕಚೇರಿಗೆ ಬಂದೆ. ಒಪ್ಪಿಗೆಯಾದ ನಮೂನೆಯನ್ನು ಬದಲಿಸಲು ಸಮಿತಿ ಮತ್ತೆ ಸೇರಬೇಕು, ಆರು ತಿಂಗಳಾಗುತ್ತದೆ ಎಂದಿರಿ. "ಒಬ್ಬಳಿಂದ ನಿಮ್ಮ ಫಲಿತಾಂಶವೇನೂ ಬದಲಾಗಲ್ಲವಲ್ಲಮ್ಮ" ಎಂದೂ ಸಮಾಧಾನ ಹೇಳಿದಿರಿ. ಎಷ್ಟು ಕರಾರುವಾಕ್ಕಾದ ಮಾತು! ಶೇಕಡಾವಾರು ಕೂದಲೆಳೆಯಷ್ಟೂ ಅಲುಗಲಿಲ್ಲ. ನಿಮ್ಮ ನಿಯಮದ ಪ್ರಕಾರ ಮಕ್ಕಳು ಓದಬಹುದು, ಓದು ಬಿಡಬಹುದು, ಸಾಯುವುದಕ್ಕೆ ಅವಕಾಶವಿಲ್ಲ. ನನಗೂ ಪ್ರಬಂಧ ಸಲ್ಲಿಸುವ ಗಡುವು ಹತ್ತಿರವಿತ್ತು. ಎರಡನೇ ಕಾಲಂನಲ್ಲಿ ಗುರುತು ಹಾಕಿದೆ. ತಪ್ಪನ್ನೆಲ್ಲ ನಿಮ್ಮ ತಲೆಗೆ ಕಟ್ಟಿ ನಾನು ಪಾರಾಗುವ ಹಾಗಿಲ್ಲ.

ಪದವಿ ಬಂದ ಮೇಲೆ ಪ್ರಬಂಧದ ಒಂದು ಪ್ರತಿಯನ್ನು ಕೆಂಪಾಜಮ್ಮನಿಗೆ ಕೊಡಲು ಹೋದೆ. ಪ್ರಬಂಧವೆಂದರೆ ಕಪಾಟಿನಲ್ಲಿಡುವ ವಸ್ತು ಎಂದು ಆಕೆಗೆ ಯಾರು ಹೇಳಬೇಕು? ಮಣೆ ತೊಳೆದು, ಮಾದಪ್ಪನ ಪಟದ ಮುಂದೆ ಅದನ್ನಿಟ್ಟು, ವಿಭೂತಿ ಹಚ್ಚಿದಳು. ಅಕ್ಕಪಕ್ಕದವರನ್ನು ಕರೆದಳು. ಪುರಾಣ ಕೇಳಲು ಕೂರುವಂತೆ ಎಲ್ಲರೂ ಕೂತರು.

"ನನ್ ಮಗಳು ಎಲ್ಲವಳೆ? ಅದ್ನ ಓದವ್ವ, ಕೇಳಾನ."

ಪುಟ ತೆರೆದೆ. ದೇವರ ಮುಂದೆ ಇನ್ನೊಂದು ಹೊಸ ಸುಳ್ಳು ಹೇಳಲು ಬಾಯಿ ಬರಲಿಲ್ಲ, ಅಚ್ಚಾಗಿದ್ದ ಸುಳ್ಳನ್ನೇ ಓದಿದೆ. "ಶಾಲೆ ಬಿಟ್ಟವರು, ಮೂವತ್ತೊಂದು. ಅದರಲ್ಲಿದ್ದಾಳೆ, ಅಮ್ಮಾ."

ಕೆಂಪಾಜಮ್ಮ ಕೇಳಿದಳು: "ಜರ ಕಾಯ್ತಿದ್ರೂವ ಓಗಿದ್ಲಲ್ಲವ್ವ. ನನ್ ಮಗಳು ಯಾವತ್ ಬುಟ್ಟಿದ್ಲು ಸ್ಕೂಲ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ, ಊಟಕ್ಕೆ ಎಬ್ಬಿಸಿದಳು. ಹನೂರಿನ ಬಸ್ಸಿನಲ್ಲಿ ಜನರಿದ್ದಾರೆ ಎಂಬುದನ್ನೂ ಮರೆತು ಅತ್ತೆ.

ಮಾನ್ಯರೇ, ಮೂವತ್ತೊಂದನ್ನು ಮೂವತ್ತು ಮಾಡಿ. ಪಕ್ಕದಲ್ಲಿ ಮೂರನೇ ಕಾಲಂ ಎಳೆದು, ಓದುತ್ತಿರುವಾಗಲೇ ತೀರಿಕೊಂಡವರು ಒಬ್ಬರು ಎಂದು ಬರೆಯಲು ಅನುಮತಿ ಕೊಡಿ. ಆಗದಿದ್ದರೆ ಪದವಿಯನ್ನು ಹಿಂದಕ್ಕೆ ತೆಗೆದುಕೊಳ್ಳಿ. ತಿದ್ದಿದ ಆದೇಶವನ್ನು ನನಗಲ್ಲ, ಕೆಂಪಾಜಮ್ಮನಿಗೆ ಕಳಿಸಿ. ನಿಮ್ಮ ಕಚೇರಿಯ ಭಾಷೆ ಬೇಡ, ಕೇಳಿದರೆ ತಿಳಿಯುವ ಹಾಗೆ ಬರೆಯಿರಿ. ಆಕೆಗೆ ಅಕ್ಷರ ಬಾರದು, ಆ ಮನೆಯಲ್ಲಿ ಓದು ಬರುತ್ತಿದ್ದವಳು ಒಬ್ಬಳೇ.

ಇಂತಿ,
ಬೇಡವೆನ್ನುವ ಧೈರ್ಯವಿಲ್ಲದೆ ಡಾಕ್ಟರಾದ
ರೂಪ, ಹನೂರು