ನಮ್ಮ ಹೊಲಕ್ಕೆ ಮೂರು ಚರಗ

ಡಿಸೆಂಬರ್ ೩೦, ೨೦೨೧

ಅತ್ತೆಗೆ ಗಂಜಿ ಕೊಟ್ಟೆ. ಎರಡು ಚಮಚ ಕುಡಿದರು. ಜ್ವರ ಇಳಿದಿಲ್ಲ. ಚಂದಾಪುರದ ಆಸ್ಪತ್ರೆಯಿಂದ ಕೋವಿಡ್ ರಿಪೋರ್ಟ್ ಬಂತು—ಅತ್ತೆ ಪಾಸಿಟಿವ್, ನಾನು ನೆಗೆಟಿವ್. ಇಬ್ಬರೂ ಹೊರಗೆ ಹೋಗುವಂತಿಲ್ಲ. ಚಿಮ್ಮನಚೋಡದಲ್ಲಿ ಎಷ್ಟೋ ಬಾಗಿಲಿಗೆ ಸ್ಟಿಕರ್ ಅಂಟಿಸಿದ ಆಶಾ ಕಾರ್ಯಕರ್ತೆ ನಾನು. ಇವತ್ತು ನನ್ನ ಬಾಗಿಲಿಗೆ ನಾನೇ ಅಂಟಿಸಿದೆ. ಓರೆಯಾಯಿತು. ಇರಲಿ.

ವಾಡಿಯಲ್ಲಿ ಕೆಲಸಕ್ಕಿರುವ ಇವರ ಫೋನ್. ರಜೆ ಹಾಕಿ ಬರುತ್ತಾರಂತೆ.

"ಬರಬ್ಯಾಡ್ರಿ. ಬಂದ್ರ ನಿಮಗೂ ಒಂದ್ ಸ್ಟಿಕರ್ ಅದ."

ನಕ್ಕರು. ನನಗೆ ನಗು ಬರಲಿಲ್ಲ.

ಜನವರಿ ೧, ಸಂಜೆ

ನಾಳೆ ಎಳ್ಳ ಅಮಾವಾಸ್ಯೆ. ಅತ್ತೆ ಎದ್ದು ಸೀರೆ ಸರಿ ಮಾಡಿಕೊಳ್ಳುತ್ತಿದ್ದಾರೆ! ಹೊಲಕ್ಕೆ ಹೋಗಿ ಚರಗ ಚೆಲ್ಲಲೇಬೇಕಂತೆ. ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ಮೊದಲು ಹೊಲಕ್ಕೆ, ಆಮೇಲೆ ಮನೆಯವರ ಊಟ. ಅತ್ತೆ ಮದುವೆಯಾಗಿ ಬಂದಾಗಿನಿಂದ ಒಂದು ವರ್ಷವೂ ತಪ್ಪಿಸಿಲ್ಲ. ಆದರೆ ಹೊಲಕ್ಕೆ ನಮ್ಮ ಓಣಿಯ ಗೆಳತಿ ಲಾಲಮ್ಮನ ಅಂಗಳ ಹಾಯ್ದೇ ಹೋಗಬೇಕು. ಅಲ್ಲಿ ಬಾಣಂತಿ ಇದ್ದಾಳೆ, ಹಸುಗೂಸು ಇದೆ.

ಬಾಗಿಲಿಗೆ ಅಡ್ಡ ನಿಂತೆ.

"ಭೂಮಿತಾಯಿ ಉಣ್ಣದ ನಾ ಹ್ಯಾಂಗ ಉಣ್ಲಿ? ತಗೊಂಡ್ ಹೋಗು ನಿನ್ನ ಗಂಜಿ."

"ಅತ್ತಿ, ಉಣ್ಣದಿದ್ರ ಆಂಬುಲೆನ್ಸ್ ಕರೀಬೇಕಾಗ್ತದ."

"ಕರಿ."

ಗಂಜಿ ಆರಿ ಕೆನೆಗಟ್ಟಿದೆ. ಆಕ್ಸಿಜನ್ ತೊಂಬತ್ತಮೂರು. ಭಯವಾಗುತ್ತಿದೆ... ಊರಿಗೆಲ್ಲ ಧೈರ್ಯ ಹೇಳಿದವಳು ನಾನು! ಲಾಲಮ್ಮನಿಗೆ ಫೋನ್ ಮಾಡಿ ಜೋರಾಗಿ ಅತ್ತುಬಿಟ್ಟೆ. "ನೋಡೋಣ ತಗೊ" ಎಂದಳು, ಅಷ್ಟೇ. ಅವರವರಿಗೆ ಅವರವರ ಹಬ್ಬ. ತಪ್ಪೇನಿದೆ.

ಜನವರಿ ೨, ಮಧ್ಯಾಹ್ನ

ಇದನ್ನು ಈಗಲೇ ಬರೆದೇಬಿಡಬೇಕು.

ಹಿತ್ತಲ ಕಡೆಯಿಂದ ಚರಗ ಚೆಲ್ಲುವ ಕೂಗು—"ಹುಲ್ಲುಲ್ಲಿಗ್ಯೋ!" ಗೋಡೆಗೆ ಮುಖ ಮಾಡಿ ಮಲಗಿದ್ದ ಅತ್ತೆ ತಿರುಗಿದರು.

"ಅದು ನಮ್ಮ ಹೊಲದಾಗಿಂದು."

ಕಿಟಕಿ ತೆರೆದೆ. ನಮ್ಮ ಜೋಳದ ಹೊಲದ ಮೂರು ಬದುವಿನ ಮೇಲೆ ಮೂವರು! ಸೆರಗಿನಿಂದ ಮೂಗು ಮುಚ್ಚಿದ ಲಾಲಮ್ಮ. ನಮ್ಮ ಹೊಲದ ಕೆಲಸ ಮಾಡುವ ಚಂದ್ರಾಮ. ಅವನಿಗೆ ಇವರು ವಾಡಿಯಿಂದ ಫೋನ್ ಮಾಡಿ ಹೇಳಿದ್ದರಂತೆ. ಗೋಡೆಯಾಚೆಯ ಮನೆಯ ಜಬೀನಾ. ನನ್ನ ಅಳು ಕೇಳಿಸಿತ್ತಂತೆ. ಒಬ್ಬರಿಗೊಬ್ಬರು ಹೇಳಿಲ್ಲ. ಬೇರೆ ಯಾರೂ ಬರಲಿಕ್ಕಿಲ್ಲ ಎಂದುಕೊಂಡು ಎಲ್ಲರೂ ಬಂದಿದ್ದಾರೆ, ಕೈಯಲ್ಲಿ ಒಂದೊಂದು ಬುಟ್ಟಿ. ದೂರ ದೂರ ನಿಂತು ಜಗಳ ಬೇರೆ.

"ನೀ ನಿನ್ನ ಹೊಲಕ್ಕ ಹೋಗೋ ಚಂದ್ರಾಮ, ಇದು ನಾ ಚೆಲ್ಲತೀನಿ!"

"ನನ್ನ ಹೊಲ ಎಲ್ಲಿ ಓಡಿ ಹೋಗ್ತದಬೇ?"

"ಚಾಚಿ ಉಪಾಸ ಅದಾಳ," ಎಂದಳು ಜಬೀನಾ, ಅತ್ತೆಯ ಕಿಟಕಿಯತ್ತ ಕೈ ತೋರಿಸಿ. "ಮೊದಲ ಚೆಲ್ಲ್ರಿ, ಆಮ್ಯಾಗ ಜಗಳಾಡ್ರಿ."

ಅತ್ತೆ ಕಿಟಕಿಯ ಸರಳು ಹಿಡಿದು ಎದ್ದು ನಿಂತರು. ಆ ದನಿ ಎಲ್ಲಿತ್ತೋ!

"ಏ ಚಂದ್ರಾಮ! ಎಡಗೈಲೆ ಚೆಲ್ಲತಿ ಏನೋ? ಮೂಡಲ ಮೂಲಿಯಿಂದ ಹಿಡೀರಿ!"

ಮೂವರೂ ಮೂಡಲ ಮೂಲೆಗೆ ನಡೆದರು. ಮೂರು ದನಿ ಒಟ್ಟಿಗೆ ಎದ್ದವು. ಅತ್ತೆ ಕೆಮ್ಮುತ್ತಲೇ ನಾಲ್ಕನೆಯ ದನಿ ಸೇರಿಸಿದರು. ಮಾಸ್ಕ್ ಒಳಗೆ ನನ್ನ ಮುಖವೆಲ್ಲ ಒದ್ದೆ. ಎಷ್ಟು ಹೆಮ್ಮೆಯಾಯಿತು! ನಾನು ಈ ಓಣಿಯ ಸೊಸೆ.

ಸಂಜೆ

ಬಾಗಿಲ ಹೊರಗೆ ಮೂರು ಮನೆಯ ಭಜ್ಜಿ, ಮೂರು ಮನೆಯ ರೊಟ್ಟಿ. ಅತ್ತೆ ಉಂಡರು.

"ಬಾಯಾಗ ರುಚಿನೇ ತಿಳಿವಲ್ದು. ಲಾಲಮ್ಮ ಹುಣಸಿ ಕಮ್ಮಿ ಹಾಕ್ಯಾಳ."

ರುಚಿ ತಿಳಿಯದೆ ಹುಣಸೆ ಹೇಗೆ ತಿಳಿಯಿತೋ. ಆಕ್ಸಿಜನ್ ತೊಂಬತ್ತೈದು. ಇವರಿಗೆ ಫೋನ್ ಮಾಡಿ ಹೇಳಬೇಕು, ನಮ್ಮ ಹೊಲ ಈ ಸಲ ಮೂರು ಸಲ ಉಂಡಿತು ಎಂದು. ಲಾಲಮ್ಮನಿಗೆ ಹುಣಸೆಯ ಮಾತು ಹೇಳಬಾರದು—

ಒಳಗಿಂದ ಕೂಗುತ್ತಿದ್ದಾರೆ. "ಜ್ಯೋತಿ! ಇನ್ನೊಂದು ರೊಟ್ಟಿ..."